ಬಾಂಬರ್ ಸ್ಕ್ವಾಡ್ರನ್ ಕಟ್ಟಬೇಕೆ? ಮೊದಲು ಗನ್ನರ್ ಹುಡುಕಿ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ, ಅಂದರೆ ಫ್ಲೈಟ್ ಸಿಮ್ಯುಲೇಟರ್ ಆಡುವವರನ್ನು ಕೇಳಿ ನೋಡಿ, ಹೆಚ್ಚಿನವರಿಗೆ ಬೇಕಾಗಿರುವುದು ಬ್ರಿಟಿಷರ ಫೈಟರ್ ವಿಮಾನ ಸ್ಪಿಟ್‌ಫೈರ್. ಒಬ್ಬರೇ ಹಾರಬೇಕು, ಒಬ್ಬರೇ ಹೊಡೆಯಬೇಕು. ಅವರನ್ನು ಬಾಂಬರ್‌ಗೆ ಎಳೆದು ತರಲು ಹೋಗಬೇಡಿ. ಬಂದರೂ ಎರಡು ವಾರ ಇದ್ದು ಹೋಗಿಬಿಡುತ್ತಾರೆ. ಒಟ್ಟಿಗೆ ಬಾಂಬರ್ ಹಾರಿಸುವ ಆಟಗಾರರ ಗುಂಪಿಗೆ, ಅಂದರೆ ಬಾಂಬರ್ ಸ್ಕ್ವಾಡ್ರನ್‌ಗೆ ಬೇಕಾಗುವ ಜನ ಬೇರೆ. ಅವರಲ್ಲಿ ಅರ್ಧ ಜನ ಇನ್ನೂ ಜಾಯ್‌ಸ್ಟಿಕ್ ಮುಟ್ಟಿಯೇ ಇರುವುದಿಲ್ಲ.

ನಾವು ಹಾರಿಸುವುದು ‘ಐಎಲ್-2 ಕ್ಲಿಫ್ಸ್ ಆಫ್ ಡೋವರ್’ ಎಂಬ ಆಟದಲ್ಲಿ ಬ್ರಿಟಿಷರ ಬಾಂಬರ್ ಬ್ರಿಸ್ಟಲ್ ಬ್ಲೆನ್‌ಹೈಮ್, 1940ರ ಇಂಗ್ಲಿಷ್ ಕಾಲುವೆಯ ಮೇಲೆ. ಬ್ಲೆನ್‌ಹೈಮ್‌ನಲ್ಲಿ ಮೂವರು ಇರುತ್ತಾರೆ: ಪೈಲಟ್, ದಾರಿ ನೋಡಿ ಬಾಂಬ್ ಬಿಡುವ ಅಬ್ಸರ್ವರ್, ವಿಮಾನದ ಬೆನ್ನ ಮೇಲಿನ ಟರೆಟ್‌ನಲ್ಲಿ (ತಿರುಗುವ ಗನ್ ಗೂಡು) ಕೂರುವ ಗನ್ನರ್. ಸಿಮ್ಯುಲೇಟರ್‌ನಲ್ಲೂ ಈ ಸೀಟುಗಳಲ್ಲಿ ಬೇರೆ ಬೇರೆ ಆಟಗಾರರು ಕೂರಬಹುದು. ಜನ ಸೇರಿಸುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಪೈಲಟ್ ಆಗಲು ಜಾಯ್‌ಸ್ಟಿಕ್, ಥ್ರಾಟಲ್, ರಡ್ಡರ್ ಪೆಡಲ್ ಅಂತ ಸಾವಿರಾರು ರೂಪಾಯಿ ಬೇಕು. ಗನ್ನರ್‌ಗೆ ಮೌಸ್ ಸಾಕು, ಜೊತೆಗೊಂದು ಮೈಕ್. ಕಾಲೇಜು ಹುಡುಗರಿಗೆ, ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ಈ ಮಾತನ್ನು ಮೊದಲ ಸಾಲಿನಲ್ಲೇ ಹೇಳಬೇಕು.

ನಮ್ಮ ಕರೆಯೋಲೆ ಇಷ್ಟೇ:

“ಬ್ಲೆನ್‌ಹೈಮ್ ಬಾಂಬರ್‌ಗೆ ಗನ್ನರ್ ಬೇಕು. ಅನುಭವ ಬೇಡ, ಜಾಯ್‌ಸ್ಟಿಕ್ ಬೇಡ. ಗೇಮ್ ಓಡುವ ಪಿಸಿ, ಮೌಸ್, ಮೈಕ್ ಇರಲಿ. ಶನಿವಾರ ರಾತ್ರಿ 9:30ರಿಂದ 11:30, ಊಟ ಮುಗಿಸಿ ಬನ್ನಿ. ದುಬೈನಲ್ಲಿ ಇರುವವರಿಗೆ ರಾತ್ರಿ 8, ಲಂಡನ್‌ನಲ್ಲಿ ಚಳಿಗಾಲದಲ್ಲಿ ಸಂಜೆ 4. ಮಾತು ಕನ್ನಡದಲ್ಲಿ. ಒಂದು ವಾರ ತಪ್ಪಿದರೆ ಯಾರೂ ಬೈಯುವುದಿಲ್ಲ, ಮುಂಚೆ ಒಂದು ಮೆಸೇಜ್ ಹಾಕಿ.”

ಗಂಟೆ, ದಿನ, ಖರ್ಚು, ಭಾಷೆ ಎಲ್ಲವೂ ಅದರಲ್ಲಿವೆ. “ಆಸಕ್ತರು ಸಂಪರ್ಕಿಸಿ” ಅಂತ ಬರೆದು ಬಿಟ್ಟರೆ ಯಾರೂ ಬರುವುದಿಲ್ಲ. ಸಮಯದ ಲೆಕ್ಕವನ್ನು ನೀವೇ ಮಾಡಿಕೊಡಬೇಕು. ಯುರೋಪಿನ ಗುಂಪುಗಳು ಅವರ ರಾತ್ರಿ ಎಂಟಕ್ಕೆ ಶುರು ಮಾಡುವ ಹೊತ್ತಿಗೆ ನಮ್ಮಲ್ಲಿ ಮಧ್ಯರಾತ್ರಿ ಸಮೀಪಿಸಿರುತ್ತದೆ, ಇಲ್ಲವೇ ದಾಟಿರುತ್ತದೆ. ಹಾಗಾಗಿ ನಮ್ಮ ಮಿಷನ್ ನಮ್ಮ ಸರ್ವರ್‌ನಲ್ಲೇ ನಡೆಯಲಿ.

ಎಲ್ಲಿ ಹುಡುಕುವುದು? ಗೇಮಿಂಗ್ ಗುಂಪುಗಳಲ್ಲಿ ಒಂದು ಸಲ ಹಾಕಿ, ಸಾಕು. ಅದಕ್ಕಿಂತ ಒಳ್ಳೆಯ ಜಾಗಗಳಿವೆ: ಎಂಜಿನಿಯರಿಂಗ್ ಕಾಲೇಜುಗಳ ಏರೋಮಾಡೆಲಿಂಗ್ ಕ್ಲಬ್, ಏರೋ ಇಂಡಿಯಾಕ್ಕೆ ಕ್ಯಾಮೆರಾ ಹೊತ್ತು ಹೋಗುವವರು, ಎಚ್‌ಎಎಲ್‌ನಲ್ಲಿ ದುಡಿದವರ ಮಕ್ಕಳು. ನಾನು ಬೆಳೆದದ್ದು ಬೆಂಗಳೂರಿನ ಎಚ್‌ಎಎಲ್ ಪಕ್ಕದ ವಿಮಾನಪುರದಲ್ಲಿ. ಅಲ್ಲಿಯ ಗೆಳೆಯರಿಗೆ ನಾನು ಹೇಳುವುದು ಲಿಬರೇಟರ್ ಕಥೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಕೆಡಿಸಿ ಬಿಟ್ಟು ಹೋಗಿದ್ದರು. ಎಚ್‌ಎಎಲ್‌ನವರು ಅವುಗಳನ್ನು ಹಾರುವ ಮಟ್ಟಕ್ಕೆ ತಂದು, ಬೆಂಗಳೂರಿಗೆ ಹಾರಿಸಿಕೊಂಡು ಬಂದು, ಪೂರ್ತಿ ದುರಸ್ತಿ ಮಾಡಿದರು. 1948ರಲ್ಲಿ ನಮ್ಮ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾಗಿದ್ದು ಆ ವಿಮಾನಗಳಿಂದಲೇ. ಈ ಕಥೆ ಕೇಳಿ “ಆಮೇಲೇನಾಯ್ತು?” ಅನ್ನುವವನನ್ನು ಬಿಡಬೇಡಿ. ಅವನು ಬಾಂಬರ್ ಜಾತಿಯವನು.

ಬಂದವರನ್ನು ಪರೀಕ್ಷೆ ಮಾಡಬೇಡಿ, ಮಾತಾಡಿಸಿ. ಎಷ್ಟು ವಿಮಾನ ಹೊಡೆದಿದ್ದೀರಿ ಅಂತ ಕೇಳಿ ಪ್ರಯೋಜನವಿಲ್ಲ. ನಾನು ಕೇಳುವುದು ಎರಡೇ ಪ್ರಶ್ನೆ: ಮುಕ್ಕಾಲು ಗಂಟೆ ಹಾರಿದರೂ ಏನೂ ಆಗದಿದ್ದರೆ ಬೇಜಾರಾಗುತ್ತದಾ? ಮೊದಲ ಐದೇ ನಿಮಿಷದಲ್ಲಿ ನಿಮ್ಮ ವಿಮಾನ ಬಿದ್ದರೆ ಉಳಿದವರು ವಾಪಸ್ ಬರುವವರೆಗೂ ಕಾಯುತ್ತೀರಾ? ಎರಡನೆಯದಕ್ಕೆ “ಕಾಯ್ತೀನಿ, ಅವರು ಹೇಗೆ ಬಂದ್ರು ನೋಡ್ಬೇಕಲ್ಲ” ಅಂದವರು ಈಗಲೂ ನಮ್ಮ ಜೊತೆ ಇದ್ದಾರೆ.

ಮೊದಲ ರಾತ್ರಿಯನ್ನು ಬಹಳ ಜೋಪಾನವಾಗಿ ನಡೆಸಬೇಕು. ಸ್ಕ್ವಾಡ್ರನ್ ಉಳಿಯುವುದೂ ಮುರಿಯುವುದೂ ಅಲ್ಲೇ. ಹೊಸಬರನ್ನು ಪೈಲಟ್ ಸೀಟಿಗೆ ಹಾಕಬೇಡಿ. ಬ್ಲೆನ್‌ಹೈಮ್‌ನ ಮರ್ಕ್ಯುರಿ ಎಂಜಿನ್ ಬಿಸಿಯಾಗುವ ಮುಂಚೆ ಥ್ರಾಟಲ್ ಒತ್ತಿದರೆ, ಮೇಲೇರಿದ ಮೇಲೆ ಪ್ರೊಪೆಲ್ಲರ್ ಪಿಚ್ (ಅದರ ಎಲೆಗಳ ಕೋನ) ಬದಲಿಸಲು ಮರೆತರೆ ಎಂಜಿನ್ ಕೆಡುತ್ತದೆ, ಹೊಸಬರ ಮುಖ ಸಣ್ಣದಾಗುತ್ತದೆ. ಟರೆಟ್‌ನಲ್ಲಿ ಕೂರಿಸಿ, ನಿಮ್ಮಲ್ಲೇ ಅತಿ ತಾಳ್ಮೆಯವರು ಪೈಲಟ್ ಆಗಲಿ. ಗುರಿ ಹತ್ತಿರದ್ದಿರಲಿ. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನರು ಇಂಗ್ಲೆಂಡ್ ಮೇಲೆ ಇಳಿಯಲು ಕ್ಯಾಲೆ, ಬೂಲೋನ್ ಬಂದರುಗಳಲ್ಲಿ ಸರಕುದೋಣಿಗಳನ್ನು ಕೂಡಿಟ್ಟಿದ್ದರು, ಬ್ಲೆನ್‌ಹೈಮ್‌ಗಳು ಅವುಗಳ ಮೇಲೆ ದಾಳಿ ಮಾಡಿದವು. ನಮ್ಮ ಹೊಸಬರ ಮೊದಲ ಹಾರಾಟ ಅದೇ. ಡೋವರ್ ದಾಟಿದರೆ ಎದುರಿಗೇ ಫ್ರಾನ್ಸ್.

ದಾರಿಯಲ್ಲಿ ಹೊಸಬರಿಗೆ ಕೆಲಸ ಕೊಡುತ್ತಾ ಇರಿ. “ಎಡಗಡೆ ಎರಡನೇ ವಿಮಾನ ಕಾಣ್ತಿದೆಯಾ? ಎಷ್ಟು ದೂರ?” ಅಂತ ಕೇಳಿ. ಗನ್ನಿನ ಡ್ರಮ್ಮಿನಲ್ಲಿ ನೂರರ ಆಸುಪಾಸು ಗುಂಡು, ಒತ್ತಿ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಖಾಲಿ. ಚಿಕ್ಕ ಚಿಕ್ಕದಾಗಿ ಹೊಡೆಯಲು ನೆಲದ ಮೇಲೆ ನಿಂತಿರುವಾಗಲೇ ಹೇಳಿಕೊಡಿ. ಗುರಿ ಹತ್ತಿರ ಬಂದಾಗ ಅಬ್ಸರ್ವರ್‌ನ ದನಿ ಬಿಟ್ಟು ಬೇರೆ ಯಾರೂ ಮಾತಾಡಕೂಡದು. ಬ್ರಿಟಿಷ್ ವಾಯುಪಡೆ ಆರ್‌ಎಎಫ್‌ನ ಪದ್ಧತಿಯಲ್ಲಿ ಎಡಕ್ಕೆ ತಿರುಗಲು ಎರಡು ಸಲ ಹೇಳಬೇಕು, ಬಲಕ್ಕೆ ಒಂದೇ ಸಲ, ಎಂಜಿನ್ ಗದ್ದಲದಲ್ಲಿ ಗೊಂದಲ ಆಗಬಾರದು ಅಂತ. ನಾವೂ ಹಾಗೇ: “ಎಡ, ಎಡ… ಬಲ… ಹಾಗೇ ಇರಲಿ… ಹಾಗೇ…” ಆಮೇಲೆ ಬಾಂಬ್ ಬಿಟ್ಟ ವಿಮಾನ ಹಗುರಾಗಿ ಸ್ವಲ್ಪ ಮೇಲೇಳುತ್ತದೆ. ಅಷ್ಟರಲ್ಲಿ ಟರೆಟ್‌ನಿಂದ “ಅಣ್ಣಾ, ಹಿಂದೆ ಎರಡು 109!” ಅಂತ, ಅಂದರೆ ಜರ್ಮನ್ ಫೈಟರ್ ವಿಮಾನಗಳು ಬಂದವು ಅಂತ, ಹೊಸ ಹುಡುಗ ಕೂಗಿದರೆ, ಅವನು ಮುಂದಿನ ಶನಿವಾರ ಬಂದೇ ಬರುತ್ತಾನೆ.

ಯಾರು ಯಾರ ಜೊತೆ ಹಾರಬೇಕು ಅನ್ನುವುದನ್ನು ನೀವು ಪಟ್ಟಿ ಹಾಕಿ ಹೇರಬೇಡಿ. ಆರ್‌ಎಎಫ್‌ನ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲೂ ತರಬೇತಿ ಘಟಕಕ್ಕೆ ಬಂದವರನ್ನು ಒಂದು ಹ್ಯಾಂಗರ್‌ನಲ್ಲಿ ಸೇರಿಸಿ, ನಿಮ್ಮ ನಿಮ್ಮ ತಂಡ ನೀವೇ ಮಾಡಿಕೊಳ್ಳಿ ಅಂತ ಬಿಡುತ್ತಿದ್ದರು. ಶಿಸ್ತಿನ ಸೈನ್ಯದಲ್ಲೇ ಇದನ್ನು ಜನರಿಗೆ ಬಿಟ್ಟಿದ್ದರು. ತಿಂಗಳಿಗೊಮ್ಮೆ ಒಂದು ವಾಯ್ಸ್ ಚಾನೆಲ್‌ನಲ್ಲಿ ಎಲ್ಲರನ್ನೂ ಬಿಡಿ, ಹರಟೆ ಹೊಡೆಯಲಿ. ಹುಬ್ಬಳ್ಳಿಯ ಗನ್ನರ್‌ಗೂ ಶಾರ್ಜಾದ ಪೈಲಟ್‌ಗೂ ಕ್ರಿಕೆಟ್ ವಿಷಯದಲ್ಲೇ ಹೊಂದಾಣಿಕೆ ಆದರೂ ಸರಿ.

ಸೇರುವ ಮುಂಚೆ ಒಂದು ಸಂಗತಿ ಎಲ್ಲರಿಗೂ ಹೇಳುತ್ತೇನೆ. 1940ರ ಆಗಸ್ಟ್ 13ರಂದು 82ನೇ ಸ್ಕ್ವಾಡ್ರನ್‌ನ 12 ಬ್ಲೆನ್‌ಹೈಮ್‌ಗಳು ಡೆನ್ಮಾರ್ಕಿನ ಆಲ್ಬೋರ್ಗ್ ವಿಮಾನನೆಲೆಗೆ ಹೊರಟವು. ಒಂದು ಅರ್ಧದಲ್ಲೇ ವಾಪಸಾಯಿತು. ಉಳಿದ 11ರಲ್ಲಿ ಒಂದೂ ಹಿಂತಿರುಗಲಿಲ್ಲ. ಯುದ್ಧದುದ್ದಕ್ಕೂ ಬಾಂಬರ್ ಕಮಾಂಡ್ ಕಳೆದುಕೊಂಡ ವಿಮಾನ ಸಿಬ್ಬಂದಿ 55,000ಕ್ಕೂ ಹೆಚ್ಚು. ಬಾಂಬ್ ಬಿದ್ದ ಊರುಗಳಲ್ಲಿ ಸತ್ತ ಸಾಮಾನ್ಯ ಜನರ ಲೆಕ್ಕ ಅದಕ್ಕಿಂತ ಎಷ್ಟೋ ದೊಡ್ಡದು. ಹಾಗಾಗಿ ನಮ್ಮಲ್ಲಿ ಊರಿನ ಮೇಲೆ ಬಾಂಬ್ ಹಾಕುವ ಮಿಷನ್ ಇಲ್ಲ, ನಾಜಿ ಚಿಹ್ನೆ ಪ್ರೊಫೈಲ್ ಚಿತ್ರವಾಗಿ ಹಾಕಿಕೊಂಡವರಿಗೆ ಜಾಗ ಇಲ್ಲ. ಜನ ಕಡಿಮೆ ಇದ್ದಾರೆ ಅಂತ ಈ ನಿಯಮವನ್ನು ಸಡಿಲ ಮಾಡಬೇಡಿ. ಅಂಥವರೊಬ್ಬರು ಒಳಗೆ ಬಂದರೆ ಒಳ್ಳೆಯವರು ಮಾತಾಡದೆ ಎದ್ದು ಹೋಗುತ್ತಾರೆ.

ಉಳಿಸಿಕೊಳ್ಳುವುದು ಸೇರಿಸಿಕೊಳ್ಳುವುದಕ್ಕಿಂತ ಕಷ್ಟ. ಭಾನುವಾರ ಬೆಳಿಗ್ಗೆ ಹಿಂದಿನ ರಾತ್ರಿಯ ವರದಿ ಬರೆಯಿರಿ, ನಾಲ್ಕೇ ಸಾಲು, ಆದರೆ ಪ್ರತಿಯೊಬ್ಬರ ಹೆಸರೂ ಇರಲಿ. ಗನ್ನರ್ ಒಂದೂ ಗುಂಡು ಹಾರಿಸದಿದ್ದರೂ “ಮೊದಲು ನೋಡಿದ್ದು ಇವರೇ” ಅಂತ ಬರೆಯಿರಿ. ಪರೀಕ್ಷೆ, ಮದುವೆ, ಮಗು ಅಂತ ದೂರವಾದವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಡಿ, ರಜೆ ಅಂತ ಗುರುತು ಹಾಕಿ. ಮೂರು ತಿಂಗಳಾದ ಮೇಲೂ ಬಂದು “ಸೀಟಿದೆಯಾ?” ಅಂತ ಕೇಳುವವರು ಇರುತ್ತಾರೆ.

ಗನ್ನರ್ ಆಗಿ ಬಂದವರು ಜಾಯ್‌ಸ್ಟಿಕ್ ಕೊಳ್ಳಲು ಯಾವುದು ಒಳ್ಳೆಯದು ಅಂತ ಕೇಳಿದ ದಿನ ಅವರನ್ನು ಪೈಲಟ್ ತರಬೇತಿಗೆ ಹಾಕಿ. ಅವರ ಟರೆಟ್ ಖಾಲಿಯಾಯಿತು, ಕರೆಯೋಲೆಯನ್ನು ಮತ್ತೆ ಹಾಕಿ.