ದೀರ್ಘ ವಿದೇಶ ವಾಸಕ್ಕೆ ಸೂಟ್‌ಕೇಸ್ ತುಂಬುವಾಗ

ವರ್ಷಗಟ್ಟಲೆ ಇರಲು ಹೋಗುವಾಗಲೂ ನಾನು ಲೆಕ್ಕ ಹಾಕುವುದು ಮೊದಲ ಎರಡು ವಾರಕ್ಕೆ ಮಾತ್ರ. "ಬೇಕಾಗುತ್ತದೆಯೇ?" ಎಂದು ಕೇಳಿಕೊಂಡರೆ ಮನೆಯಲ್ಲಿರುವುದೆಲ್ಲ ಬೇಕೆನಿಸುತ್ತದೆ. ಹಾಗಾಗಿ ಒಂದೊಂದು ವಸ್ತುವನ್ನೂ ಕೈಗೆತ್ತಿಕೊಂಡು, "ಇದು ಇಲ್ಲದಿದ್ದರೆ ಅಲ್ಲಿ ಎಷ್ಟು ದಿನದಲ್ಲಿ ಸಿಕ್ಕೀತು?" ಎಂದು ನೋಡುತ್ತೇನೆ. ಎರಡು ದಿನದಲ್ಲಿ ಸಿಗುವಂಥದ್ದು ಇಲ್ಲೇ ಉಳಿಯುತ್ತದೆ. ತಿಂಗಳು ಹಿಡಿಯುವುದು, ಇಲ್ಲವೇ ಸಿಗದೇ ಹೋಗುವುದು ಮೊದಲು ಒಳಗೆ ಹೋಗುತ್ತದೆ.

ಈ ಪರೀಕ್ಷೆಯಲ್ಲಿ ಯಾವಾಗಲೂ ಮೊದಲು ನಿಲ್ಲುವುದು ಕಾಗದಪತ್ರ. ಜನನ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರ, ಪದವಿಯ ಮೂಲ ಪ್ರತಿ, ಲಸಿಕೆಯ ದಾಖಲೆ, ಚಾಲನಾ ಪರವಾನಗಿ ಇವೆಲ್ಲ ಕೈಚೀಲದಲ್ಲೇ ಇರಬೇಕು. ದಾಖಲೆಯ ಸಹಿ, ಮೊಹರು ಅಸಲಿಯೆಂದು ಹೊರದೇಶಕ್ಕೆ ದೃಢಪಡಿಸುವ ಅಪೋಸ್ಟಿಲ್ ಮುದ್ರೆಯನ್ನು ಹೊರಡುವ ಮೊದಲೇ ಹಾಕಿಸುವುದು ಒಳ್ಳೆಯದು, ಏಕೆಂದರೆ ದಾಖಲೆ ಕೊಟ್ಟ ದೇಶವೇ ಅದನ್ನು ಹಾಕಬೇಕು. ದೂರದಿಂದ ಮಾಡಿಸಲು ವಾರಗಳೇ ಬೇಕು. ಹೋಗುವ ದೇಶ ಈ ಮುದ್ರೆಯ ಕುರಿತ 1961ರ ಹೇಗ್ ಒಪ್ಪಂದಕ್ಕೆ ಸೇರದಿದ್ದರೆ ಇದರ ಬದಲು ಅದರ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿರುವ ಹೆಸರಿನ ಕಾಗುಣಿತಕ್ಕೂ ಈ ಪತ್ರಗಳಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಹೊರಡುವ ಮುಂಚೆ ಸರಿಪಡಿಸಿಕೊಳ್ಳಬೇಕು. ಬ್ಯಾಂಕಿನ ಒಟಿಪಿ ಬರುವ ಸಿಮ್ ಕೂಡ ನನಗೆ ದಾಖಲೆಯೇ. ಅದರ ರೋಮಿಂಗ್ ಇಲ್ಲಿರುವಾಗಲೇ ಚಾಲೂ ಮಾಡಿಸುತ್ತೇನೆ.

ನಂತರ ಔಷಧಿ. ನಿತ್ಯ ತೆಗೆದುಕೊಳ್ಳುವ ಮಾತ್ರೆ ಮೂರು ತಿಂಗಳಿಗಾಗುವಷ್ಟು, ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಜತೆ. ಕಂಪನಿ ಇಟ್ಟ ಹೆಸರು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಚೀಟಿಯಲ್ಲಿ ಔಷಧಿಯ ಜೆನೆರಿಕ್ ಹೆಸರು, ಅಂದರೆ ಒಳಗಿರುವ ಮೂಲ ಔಷಧದ ಹೆಸರು, ಬರೆಸಲೇಬೇಕು. ಕೋಡೀನ್, ಸ್ಯೂಡೋಎಫೆಡ್ರಿನ್ ಇರುವ ಮಾಮೂಲಿ ಕೆಮ್ಮು–ನೆಗಡಿ ಔಷಧಿಗಳಿಗೂ ಕೆಲವು ದೇಶಗಳಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ. ಆ ದೇಶದ ಸರ್ಕಾರಿ ಪಟ್ಟಿ ನೋಡದೆ ಒಂದು ಸ್ಟ್ರಿಪ್ಪನ್ನೂ ಇಡುವುದಿಲ್ಲ. ಕನ್ನಡಕ ಎರಡು ಜೊತೆ, ಜತೆಗೆ ನಂಬರಿನ ಚೀಟಿ.

ವಿದ್ಯುತ್ ಉಪಕರಣಗಳಲ್ಲಿ ಜನ ಎಡವುವುದು ಒಂದೇ ಕಡೆ: ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಹೊಂದಿಸುತ್ತದೆ, ವೋಲ್ಟೇಜನ್ನಲ್ಲ. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದಿದ್ದರೆ ಎಲ್ಲಿಗಾದರೂ ಒಯ್ಯಬಹುದು. 230 ವೋಲ್ಟಿನ ಇಸ್ತ್ರಿಪೆಟ್ಟಿಗೆಯನ್ನು 115 ವೋಲ್ಟಿಗೆ ಹಾಕಿದರೆ ಶಾಖ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ತಿರುಗಾಮುರುಗಾ ಆದರೆ ಸುಟ್ಟೇಹೋಗುತ್ತದೆ. ಬಿಸಿಯಾಗುವ ಉಪಕರಣ ಯಾವುದನ್ನೂ ನಾನು ಒಯ್ಯುವುದಿಲ್ಲ. ಒಂದು ಅಡಾಪ್ಟರ್, ಅದಕ್ಕೆ ನಮ್ಮ ಪಿನ್ನಿನ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರೆ ಚಾರ್ಜರುಗಳಿಗೆಲ್ಲ ಸಾಕು. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ, 100 ವ್ಯಾಟ್-ಅವರ್ ಮೀರದಂತೆ; 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ.

ಬಟ್ಟೆ ಕೊನೆಗೆ, ಉಳಿದ ಜಾಗಕ್ಕೆ. ವಾರಕ್ಕೊಮ್ಮೆ ಒಗೆಯುವ ಲೆಕ್ಕದಲ್ಲಿ ಒಳಉಡುಪು 10 ಜೊತೆ, ಮೇಲಂಗಿ 7, ಪ್ಯಾಂಟ್ 3, ಶೂ ಎರಡು ಜೊತೆ. ಕಡು ಚಳಿಯ ಕೋಟನ್ನು ಅಲ್ಲೇ ಕೊಳ್ಳುವುದು ಲೇಸು, ಆ ಊರಿನ ಚಳಿಗೆ ತಕ್ಕದ್ದು ಅಲ್ಲಿಯೇ ಸಿಗುತ್ತದೆ. ಚಳಿಗಾಲದಲ್ಲೇ ಇಳಿಯುವುದಾದರೆ ಒಂದನ್ನು ತೊಟ್ಟುಕೊಂಡೇ ವಿಮಾನ ಹತ್ತಬೇಕು.

ತೂಕದ ವಿಷಯ. ಸಾಮಾನ್ಯ ಟಿಕೆಟ್ಟಿಗೆ ಬಹಳ ಕಡೆ ಬ್ಯಾಗೊಂದಕ್ಕೆ 23 ಕಿಲೋ ಮಿತಿ. ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂ.ಮೀ. ಖಾಲಿ ಸೂಟ್‌ಕೇಸೇ 3ರಿಂದ 5 ಕಿಲೋ ತಿನ್ನುತ್ತದೆ. ಗಾಳಿ ತೆಗೆದು ಕುಗ್ಗಿಸುವ ಚೀಲಗಳನ್ನು ನಾನು ಬಿಟ್ಟಿದ್ದೇನೆ: ಗಾತ್ರ ಕುಗ್ಗಿದಂತೆ ಜಾಗ ಕಾಣುತ್ತದೆ, ತುಂಬುತ್ತಾ ಹೋದರೆ ಮಿತಿ ಮೀರುತ್ತದೆ. ಕೊಕ್ಕೆಯ ತಕ್ಕಡಿಯಲ್ಲಿ ತೂಗಿ 22 ಕಿಲೋಗೇ ನಿಲ್ಲಿಸುತ್ತೇನೆ, ಎರಡು ತಕ್ಕಡಿಗಳ ನಡುವಿನ ವ್ಯತ್ಯಾಸಕ್ಕೆಂದು ಆ ಒಂದು ಕಿಲೋ.

ತೀರ್ಮಾನವಾಗದೆ ಉಳಿದ ವಸ್ತುಗಳನ್ನು ಒಂದು ಡಬ್ಬದಲ್ಲಿ ಹಾಕಿ, ಒಳಗಿರುವುದರ ಪಟ್ಟಿ ಮತ್ತು ಪ್ರತಿಯೊಂದರ ಅಂದಾಜು ಬೆಲೆ ಬರೆದು ಮನೆಯಲ್ಲಿ ಬಿಡುತ್ತೇನೆ. ಮುಂದೆ ಅಂಚೆಯಲ್ಲೋ ಕೊರಿಯರಿನಲ್ಲೋ ತರಿಸುವಾಗ ಕಸ್ಟಮ್ಸ್ ಅರ್ಜಿಗೆ ಆ ಪಟ್ಟಿ ನೇರವಾಗಿ ಬಳಕೆಗೆ ಬರುತ್ತದೆ. ಮೂರು ತಿಂಗಳಾದ ಮೇಲೂ ನೆನಪಾದದ್ದನ್ನು ಮಾತ್ರ ಅದರಿಂದ ತರಿಸಿಕೊಳ್ಳುವುದು.