ಹೊಲದ ಬಂಡಿದಾರಿ ತೆರವಿಗೆ ಗ್ರಾಮಸಭೆಯ ನಿರ್ಣಯ ಪಡೆಯುವುದು ಹೇಗೆ?

ಎರಡು ಎಕರೆ ಹಿಡುವಳಿಯ ರೈತನ ಹೊಲಕ್ಕೆ ಹೋಗುವ ದಾರಿಯನ್ನು ಪಕ್ಕದ ಜಮೀನಿನವರು ಉತ್ತು ಸೇರಿಸಿಕೊಂಡರೆ ಅಲ್ಲಿಗೆ ಟ್ರ್ಯಾಕ್ಟರ್ ಹೋಗುವುದಿಲ್ಲ, ಕಟಾವು ಯಂತ್ರ ಹೋಗುವುದಿಲ್ಲ, ಗೊಬ್ಬರದ ಚೀಲವೂ ಬೆಳೆದ ಫಸಲೂ ತಲೆಹೊರೆಯಲ್ಲೇ ಸಾಗಬೇಕಾಗುತ್ತದೆ. ಇಂಥ ಜಮೀನು ಕೆಲವು ವರ್ಷ ಬೀಳುಬಿದ್ದು, ಕೊನೆಗೆ ದಾರಿ ಮುಚ್ಚಿದವರಿಗೇ ಅವರು ಹೇಳಿದ ಬೆಲೆಗೆ ಮಾರಾಟವಾಗುವುದನ್ನು ಹಳ್ಳಿಯಲ್ಲಿ ಬಾಳಿದವರು ಕಂಡಿರುತ್ತಾರೆ.

ದಾರಿ ತೆರವಿಗಾಗಿ ತಹಶೀಲ್ದಾರರಿಗೆ ನೇರವಾಗಿ ಅರ್ಜಿ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಒಬ್ಬನೇ ರೈತ ಕೊಟ್ಟ ಅರ್ಜಿ ಕಡತದಲ್ಲಿ ಇಬ್ಬರು ನೆರೆಹೊರೆಯವರ ಜಗಳವಾಗಿ ಕಾಣುತ್ತದೆ. ಅದರ ಜೊತೆಗೆ ಗ್ರಾಮಸಭೆಯ ನಿರ್ಣಯವಿದ್ದರೆ ಅದು ಊರಿನ ದಾರಿಯ ವಿಷಯವಾಗುತ್ತದೆ. ನಾನು ಕುಳಿತು ನೋಡಿದ ಸಭೆಗಳಲ್ಲಿ ಇದನ್ನು ಕೇಳಿ ಬಂದವರು ಸಾಕಷ್ಟು ಮಂದಿ ಇದ್ದರು. ಅವರಲ್ಲಿ ಹೆಚ್ಚಿನವರು ಎದ್ದು ನಿಂತು, ಗಂಟಲು ಕಟ್ಟುವವರೆಗೆ ಮಾತನಾಡಿ, ಅಧ್ಯಕ್ಷರಿಂದ ‘ಆಯಿತು, ಮಾಡಿಸೋಣ’ ಎಂಬ ಮಾತು ಪಡೆದು ಸಮಾಧಾನದಿಂದ ಮನೆಗೆ ಹೋದರು. ಅವರು ಹೇಳಿದ ಒಂದಕ್ಷರವೂ ನಡಾವಳಿ ಪುಸ್ತಕಕ್ಕೆ ಇಳಿದಿರಲಿಲ್ಲ.

1. ದಾರಿ ನಕಾಶೆಯಲ್ಲಿದೆಯೇ ಎಂದು ನೋಡಿ

ಗ್ರಾಮ ನಕಾಶೆಯಲ್ಲಿ ಬಂಡಿದಾರಿಯನ್ನು ಜೋಡಿ ತುಂಡುಗೆರೆಗಳಿಂದಲೂ ಕಾಲುದಾರಿಯನ್ನು ಒಂಟಿ ತುಂಡುಗೆರೆಯಿಂದಲೂ ತೋರಿಸಿರುತ್ತಾರೆ. ಹಾಗೆ ತೋರಿಸಿದ್ದನ್ನೇ ಕಂದಾಯದವರು ‘ನಕಾಶೆ ಕಂಡ ದಾರಿ’ ಎನ್ನುವುದು. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ರಾಜ್ಯ ಸರ್ಕಾರದ ಸ್ವತ್ತು. ಎಷ್ಟು ವರ್ಷ ಉತ್ತು ಬಿತ್ತಿದರೂ ಅದು ಪಕ್ಕದವರ ಪಹಣಿಗೆ ತಾನಾಗಿ ಸೇರಿಹೋಗುವುದಿಲ್ಲ. ನಕಾಶೆಯಲ್ಲಿ ಇಲ್ಲದ, ಕೇವಲ ರೂಢಿಯಿಂದ ಬಂದ ದಾರಿಯ ಲೆಕ್ಕವೇ ಬೇರೆ. ಖಾಸಗಿ ಜಮೀನಿನ ಮೇಲೆ ಅಡ್ಡಿಯಿಲ್ಲದೆ 20 ವರ್ಷ ಓಡಾಡಿದ ಹಕ್ಕನ್ನು 1882ರ ಅನುಭೋಗದ ಹಕ್ಕುಗಳ ಕಾಯ್ದೆಯಡಿ ಸಿವಿಲ್ ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕಾಗುತ್ತದೆ. ಅಲ್ಲಿ ಗ್ರಾಮಸಭೆಯ ನಿರ್ಣಯದಿಂದ ಹೆಚ್ಚಿನ ಪ್ರಯೋಜನವಿಲ್ಲ. ಆ ಸಂದರ್ಭದಲ್ಲಿ ಈ ಲೇಖನವನ್ನು ಬದಿಗಿಟ್ಟು ವಕೀಲರನ್ನು ಕಾಣುವುದೇ ಸರಿ.

ನಕಾಶೆ ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ದಿಶಾಂಕ್ ಆ್ಯಪ್ ಹಿಡಿದು ಹೊಲದಲ್ಲಿ ನಡೆದಾಡಿ, ‘ದಾರಿ ಇಲ್ಲೇ ಇದೆ, ಫೋನೇ ತೋರಿಸುತ್ತಿದೆ’ ಎಂದು ವಾದಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಅದು ಒಳ್ಳೆಯ ಸಾಧನವೇ ಹೌದು, ಆದರೆ ಗಡಿ ನಿರ್ಧರಿಸುವುದು ಅದರ ಕೆಲಸವಲ್ಲ. ಗಡಿಯನ್ನು ಭೂಮಾಪಕರ ಅಳತೆ ಹೇಳಬೇಕು.

2. ಅರ್ಜಿಯನ್ನು ಸಭೆಗೆ ಮೊದಲೇ ಕೊಡಿ

ಒಂದೇ ಪುಟ ಸಾಕು. ದಾರಿ ಯಾವ ಸರ್ವೆ ನಂಬರುಗಳ ನಡುವೆ ಹಾದುಹೋಗುತ್ತದೆ, ಎಲ್ಲಿಂದ ಎಲ್ಲಿಗೆ, ಯಾವ ಭಾಗ ಮುಚ್ಚಿದೆ, ಅದನ್ನು ನೆಚ್ಚಿಕೊಂಡ ಹಿಡುವಳಿಗಳು ಎಷ್ಟು ಎಂಬುದಿಷ್ಟನ್ನು ಬರೆದು, ನಕಾಶೆಯ ಪ್ರತಿಯಲ್ಲಿ ದಾರಿಗೆ ಬಣ್ಣ ಹಚ್ಚಿ ಲಗತ್ತಿಸಿ, ದಾರಿ ಬಳಸುವ ಎಲ್ಲರ ಸಹಿ ಪಡೆದು, ಪಂಚಾಯಿತಿ ಕಚೇರಿಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ವಾಟ್ಸ್‌ಆ್ಯಪ್‌ಗೆ ಫೋಟೊ ಕಳಿಸಿ ಅರ್ಜಿ ಕೊಟ್ಟಂತಾಯಿತು ಎಂದುಕೊಳ್ಳಬೇಡಿ.

ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಮಾರುವ ಸಿದ್ಧ ಅರ್ಜಿಗಳನ್ನಂತೂ ಕೊಳ್ಳಲೇಬಾರದು. ಖಾತೆ ಬದಲಾವಣೆಗೂ ಒತ್ತುವರಿಗೂ ಪಿಂಚಣಿಗೂ ಹೊಂದುವಂತೆ ಬರೆದ ಆ ನಮೂನೆಗಳಲ್ಲಿ ‘ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂಬುದರ ಹೊರತು ಹುರುಳಿರುವುದಿಲ್ಲ.

3. ವಾರ್ಡ್ ಸಭೆಯನ್ನು ಬಿಡಬೇಡಿ

ಗ್ರಾಮಸಭೆಗೆ ಮುನ್ನ ನಡೆಯುವ ವಾರ್ಡ್ ಸಭೆಯಲ್ಲಿಯೇ ವಿಷಯವನ್ನು ದಾಖಲಿಸಿದರೆ ಅದು ಗ್ರಾಮಸಭೆಯ ಕಾರ್ಯಸೂಚಿಗೆ ದಾರಿ ಮಾಡಿಕೊಂಡೇ ಬರುತ್ತದೆ.

4. ಕೋರಂ ಎಣಿಸಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಸದಸ್ಯರ, ಅಂದರೆ ಮತದಾರರ, ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಸಭೆ ನಡೆಸಲು ಬೇಕಾದ ಈ ಕನಿಷ್ಠ ಹಾಜರಿಯೇ ಕೋರಂ. ಬಂದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು. ನಿಮ್ಮ ಎದುರಾಳಿ ಮುಂದೆ ಮೇಲಧಿಕಾರಿಗಳ ಬಳಿ ಹೋದಾಗ ಮೊದಲು ಎತ್ತುವ ಆಕ್ಷೇಪ ಕೋರಂನದೇ ಆಗಿರುತ್ತದೆ. ಆದ್ದರಿಂದ ದಾರಿ ಬಳಸುವ ಮನೆಗಳಿಂದ ಗಂಡಸರಷ್ಟೇ ಬಂದು ಕುಳಿತುಕೊಳ್ಳದೆ, ಹೊಲಕ್ಕೆ ಬುತ್ತಿ ಹೊತ್ತು ಅದೇ ದಾರಿಯಲ್ಲಿ ನಡೆಯುವ ಹೆಂಗಸರೂ ಬರಬೇಕು. ಸಭೆಯನ್ನೇ ಕರೆಯದೆ ದಿನ ದೂಡುತ್ತಿದ್ದರೆ, ಸದಸ್ಯರಲ್ಲಿ ಕನಿಷ್ಠ ಶೇ 10ರಷ್ಟು ಜನ ವಿಷಯ ಸೂಚಿಸಿ ಲಿಖಿತವಾಗಿ ಕೇಳಿದಾಗ ವಿಶೇಷ ಗ್ರಾಮಸಭೆ ಕರೆಯಬೇಕೆಂಬ ಅವಕಾಶ ಇದೇ ಕಾಯ್ದೆಯಲ್ಲಿದೆ. ಇಂಥ ಎರಡು ವಿಶೇಷ ಸಭೆಗಳ ನಡುವೆ ಮಾತ್ರ ಮೂರು ತಿಂಗಳ ಅಂತರವಿರಬೇಕು.

5. ನಿರ್ಣಯವನ್ನು ಕುಳಿತು ಬರೆಸಿ

ಜನ ಎಡವುವುದು ಇಲ್ಲೇ. ಸಾಮಾನ್ಯವಾಗಿ ಸಭೆಯ ಬಾಗಿಲಲ್ಲೇ ಒಂದು ಪುಸ್ತಕ ಇಟ್ಟು ಬಂದವರಿಂದಲೆಲ್ಲ ಸಹಿ ಹಾಕಿಸಿಕೊಳ್ಳುತ್ತಾರೆ. ಹಾಜರಾತಿ ಎಂದುಕೊಂಡು ನೀವು ಹಾಕಿದ ಆ ಸಹಿಗಳ ಮೇಲೆ ಖಾಲಿ ಬಿಟ್ಟ ಪುಟಗಳನ್ನು ಸಭೆ ಮುಗಿದು ಎಷ್ಟೋ ದಿನಗಳ ಮೇಲೆ ತುಂಬಿದರೆ, ಅಲ್ಲಿ ಬರೆದದ್ದಕ್ಕೆಲ್ಲ ನೀವೇ ಒಪ್ಪಿದಂತೆ ತೋರುತ್ತದೆ. ಆದ್ದರಿಂದ ಪುಟದ ತಲೆಯಲ್ಲಿ ಸಭೆಯ ದಿನಾಂಕ, ಸ್ಥಳ, ಅಧ್ಯಕ್ಷತೆ ವಹಿಸಿದವರ ಹೆಸರು ಮತ್ತು ‘ಹಾಜರಾತಿ’ ಎಂಬ ಪದ ಇರುವುದನ್ನು ನೋಡಿಯೇ ಸಹಿ ಮಾಡಿ. ಖಾಲಿ ಪುಟಕ್ಕೆ ಸಹಿ ಕೇಳಿದರೆ, ಜಗಳ ಬೇಡ, ‘ಮೊದಲು ದಿನಾಂಕ ಬರೆಯಿರಿ ಸ್ವಾಮಿ’ ಎಂದು ಪುಸ್ತಕವನ್ನು ತಿರುಗಿ ಕೊಟ್ಟರಾಯಿತು. ಸಾಲಿನಲ್ಲಿ ನಿಮ್ಮ ಹಿಂದಿರುವವರು ಗೊಣಗುತ್ತಾರೆ, ಗೊಣಗಲಿ.

ನಿಮ್ಮ ವಿಷಯ ಬಂದಾಗ ಮಾತನ್ನು ಎರಡು ನಿಮಿಷಕ್ಕೆ ಮುಗಿಸಿ, ನಿರ್ಣಯದ ಪಠ್ಯವನ್ನು ನೀವೇ ಬರೆದುಕೊಂಡು ಬಂದ ಕಾಗದವನ್ನು ಪಿಡಿಒ ಅವರ ಕೈಗೆ ಕೊಡಿ. ಸಂಜೆ ದಣಿದು ಕುಳಿತ ಅಧಿಕಾರಿ ತಾವಾಗಿ ಬರೆದರೆ, ‘ನಕಾಶೆ ದಾರಿಯ ಬಗ್ಗೆ ಚರ್ಚಿಸಲಾಯಿತು’ ಎಂದೋ, ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’ ಎಂದೋ ಒಂದು ಸಾಲು ಬರುತ್ತದೆ. ಚರ್ಚಿಸಿದ್ದು ಯಾರು, ಪರಿಶೀಲಿಸಬೇಕಾದವರು ಯಾರು, ಎಂದಿನೊಳಗೆ ಎಂಬುದು ಆ ಸಾಲಿನಲ್ಲಿ ಇಲ್ಲದಿರುವುದರಿಂದ, ಮುಂದೆ ಅದನ್ನು ಹಿಡಿದು ಯಾರನ್ನೂ ಕೇಳಲು ಬರುವುದಿಲ್ಲ. ಕರ್ತೃವೇ ಇಲ್ಲದ ಇಂಥ ವಾಕ್ಯವನ್ನು ನಡಾವಳಿಯಲ್ಲಿ ಒಪ್ಪಲೇಬಾರದು. ನಿಮ್ಮ ಪಠ್ಯ ಹೀಗಿರಲಿ:

‘ಈ ಗ್ರಾಮದ ಸರ್ವೆ ನಂಬರ್ ಇಂತಿಷ್ಟು ಮತ್ತು ಇಂತಿಷ್ಟರ ನಡುವೆ ಗ್ರಾಮ ನಕಾಶೆಯಲ್ಲಿ ತೋರಿಸಿರುವ ಬಂಡಿದಾರಿಯು ಮುಚ್ಚಿಹೋಗಿರುವುದರಿಂದ ಇಷ್ಟು ಹಿಡುವಳಿದಾರರಿಗೆ ತಮ್ಮ ಜಮೀನಿಗೆ ಹೋಗಲು ದಾರಿಯಿಲ್ಲದಂತಾಗಿದೆ. ಸದರಿ ದಾರಿಯನ್ನು ಅಳತೆ ಮಾಡಿಸಿ ತೆರವುಗೊಳಿಸುವಂತೆ ಕೋರಿ, ಈ ನಿರ್ಣಯದ ಪ್ರತಿಯೊಂದಿಗೆ ತಹಶೀಲ್ದಾರರಿಗೆ 15 ದಿನಗಳೊಳಗೆ ಪತ್ರ ಬರೆಯತಕ್ಕದ್ದೆಂದೂ, ಕೈಗೊಂಡ ಕ್ರಮವನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳತಕ್ಕದ್ದೆಂದೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ಸೂಚಿಸಲು ಸಭೆಯು ತೀರ್ಮಾನಿಸಿತು.’

ಇದರಲ್ಲಿ ದಾರಿ ಮುಚ್ಚಿದವರ ಹೆಸರಿಲ್ಲ ಎಂಬುದನ್ನು ಗಮನಿಸಿ. ಹೆಸರು ಬರೆಸಲೇಬೇಕೆಂದು ಹಟ ಹಿಡಿಯುವವರಿದ್ದಾರೆ. ನನ್ನ ಮಟ್ಟಿಗೆ ಅದು ಶುದ್ಧ ತಪ್ಪು. ಹೆಸರು ಬಂದ ಕ್ಷಣಕ್ಕೆ ಸಭೆ ಎರಡು ಬಣವಾಗುತ್ತದೆ, ನೆಂಟರು ಎದ್ದು ನಿಲ್ಲುತ್ತಾರೆ, ಅಧ್ಯಕ್ಷರು ವಿಷಯವನ್ನು ಮುಂದಕ್ಕೆ ಹಾಕುತ್ತಾರೆ. ಸರ್ವೆ ನಂಬರಿಗೆ ನೆಂಟರಿಲ್ಲ. ಇನ್ನೊಂದು ತಪ್ಪು, ‘ಪಂಚಾಯಿತಿಯೇ ದಾರಿ ಬಿಡಿಸಿಕೊಡಬೇಕು’ ಎಂದು ಬರೆಸುವುದು. ನಕಾಶೆ ದಾರಿಯ ಒತ್ತುವರಿ ತೆರವು ಕಂದಾಯ ಇಲಾಖೆಯ ಕೆಲಸವಾದ್ದರಿಂದ, ಹಾಗೆ ಬರೆದರೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹದೊಂದಿಗೆ ಕಡತ ಮುಗಿಯುತ್ತದೆ.

ಬರೆದಾದ ಮೇಲೆ ಅದನ್ನು ಸಭೆ ಚದುರುವ ಮುನ್ನ ಗಟ್ಟಿಯಾಗಿ ಓದಿಸಿ. ವಿಷಯ ಸಂಖ್ಯೆ, ಪುಟ ಸಂಖ್ಯೆ ಗುರುತು ಹಾಕಿಕೊಳ್ಳಿ. ಕೊನೆಯ ಸಾಲಿನ ಕೆಳಗೆ ಜಾಗ ಉಳಿದಿದ್ದರೆ ಅಡ್ಡಗೆರೆ ಎಳೆಸಿ, ಅದರ ಅಡಿಯಲ್ಲೇ ಅಧ್ಯಕ್ಷರ ಮತ್ತು ಪಿಡಿಒ ಅವರ ಸಹಿ ಆಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಪುಟದ ಫೋಟೊ ತೆಗೆದುಕೊಳ್ಳಲು ಕೇಳಿ. ‘ನಾಳೆ ನೀಟಾಗಿ ಬರೆದು ಸಹಿ ಮಾಡುತ್ತೇವೆ’ ಎಂಬ ಮಾತು ಎಷ್ಟೇ ವಿನಯದಿಂದ ಬಂದರೂ ನಂಬುವಂಥದ್ದಲ್ಲ.

6. ದೃಢೀಕೃತ ಪ್ರತಿ ಪಡೆಯಿರಿ

ಒಂದು ವಾರ ಬಿಟ್ಟು ಹೋಗಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮಗಳಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳ ಮಿತಿಯಲ್ಲಿರಬೇಕು. ಹೀಗಾಗಿ ನಡಾವಳಿಯ ಪ್ರತಿಯ ಜೊತೆಗೆ ಹಳೆಯ ಕಾಮಗಾರಿಗಳ ಬಿಲ್ಲುಗಳನ್ನೂ ಅದೇ ಅರ್ಜಿಯಲ್ಲಿ ಕೇಳಿ ತಿರಸ್ಕಾರಕ್ಕೆ ನೆಪ ಒದಗಿಸಬೇಡಿ.

7. ತಹಶೀಲ್ದಾರರ ಕಚೇರಿ ಮತ್ತು ಮಹಜರು

ಪಂಚಾಯಿತಿಯ ಪತ್ರ ಹೋಗುವವರೆಗೆ ಕಾಯದೆ, ದೃಢೀಕೃತ ಪ್ರತಿಯನ್ನೂ ನಕಾಶೆಯನ್ನೂ ಲಗತ್ತಿಸಿ ನಿಮ್ಮದೇ ಅರ್ಜಿಯನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಳತೆಗೆ ಬಂದ ದಿನ ಅರ್ಜಿಗೆ ಸಹಿ ಹಾಕಿದವರೆಲ್ಲ ಸ್ಥಳದಲ್ಲಿರಬೇಕು. ಮಹಜರಿನಲ್ಲಿ, ಅಂದರೆ ಸ್ಥಳದಲ್ಲೇ ಬರೆದು ಹಾಜರಿದ್ದವರ ಸಹಿ ಪಡೆಯುವ ದಾಖಲೆಯಲ್ಲಿ, ದಾರಿಯ ಉದ್ದವಷ್ಟೇ ಬರೆದು ಅಗಲ ಬರೆಯದೆ ಬಿಡುವುದುಂಟು. ಅಗಲವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಎರಡೂ ಬದಿಗೆ ಕಲ್ಲು ನೆಡಿಸಿದ ಮೇಲೆಯೇ ಸಹಿ ಮಾಡಿ. ದಾರಿ ತೆರೆದ ಮೇಲೆ ಮುಂದಿನ ಉಳುಮೆ ಶುರುವಾಗುವುದರೊಳಗೆ, ಪಂಚಾಯಿತಿಯಿಂದ ಆಗದಿದ್ದರೆ ಬಳಸುವವರೇ ಕೈಯಿಂದ ಹಣ ಹಾಕಿಯಾದರೂ, ನಾಲ್ಕು ಲೋಡು ಗ್ರಾವೆಲ್ ಹೊಡೆಸಿಬಿಡಿ. ಬರಿಯ ಮಣ್ಣಿನ ದಾರಿಯನ್ನು ನೇಗಿಲು ಒಂದೇ ಬೆಳಗಿನಲ್ಲಿ ಮತ್ತೆ ಹೊಲ ಮಾಡಿಬಿಡುತ್ತದೆ.