ಕಷಾಯಕ್ಕೂ ಮೊದಲು: ಮಳೆಗಾಲದ ಜ್ವರ, ನೆಗಡಿಗೆ ಮೈಯನ್ನು ಸಜ್ಜು ಮಾಡುವುದು ಹೇಗೆ?

ಜೂನ್‌ನಲ್ಲಿ ಶಾಲೆ ಶುರುವಾಗಿ, ಮಳೆ ಹಿಡಿದು, ಮನೆಯ ಕಿಟಕಿಗಳೆಲ್ಲ ಮುಚ್ಚಿಕೊಂಡವೆಂದರೆ ಒಬ್ಬರಾದ ಮೇಲೊಬ್ಬರಿಗೆ ನೆಗಡಿ ಖಚಿತ. ಒಲೆಯ ಮೇಲೆ ಕಷಾಯದ ಪಾತ್ರೆ ಏರುವುದೂ ಆಗಲೇ. ಕಷಾಯ ಕುಡಿಯಿರಿ, ತಪ್ಪೇನಿಲ್ಲ. ಅದರ ಅಳತೆ ಕೆಳಗೆ ಕೊಟ್ಟಿದ್ದೇವೆ. ಆದರೆ ಮಾಡಬೇಕಾದ ಕೆಲಸಗಳ ಸಾಲಿನಲ್ಲಿ ಅದರ ಸ್ಥಾನ ತೀರಾ ಹಿಂದೆ. ಒಂದು ಲೋಟ ಕುಡಿದ ಕೂಡಲೇ ರೋಗನಿರೋಧಕ ಶಕ್ತಿ ಏರಿಬಿಡುವುದಿಲ್ಲ. ಮೂಗಿನ ಲೋಳೆ, ಬಿಳಿ ರಕ್ತಕಣ, ಪ್ರತಿಕಾಯ ಎಲ್ಲವೂ ಸೇರಿ ಮಾಡುವ ಕೆಲಸ ಅದು. ಅಷ್ಟಕ್ಕೂ ಜ್ವರ, ಮೈಕೈ ನೋವು, ಸುರಿಯುವ ಮೂಗು ಬಹುಪಾಲು ಆ ವ್ಯವಸ್ಥೆ ಕೆಲಸಕ್ಕೆ ಇಳಿದಿದ್ದರ ಲಕ್ಷಣಗಳೇ. ಅದನ್ನು ಇನ್ನಷ್ಟು ‘ಬೂಸ್ಟ್’ ಮಾಡುತ್ತೇವೆಂದು ಡಬ್ಬಿಯ ಮೇಲೆ ಅಚ್ಚು ಹಾಕಿದವರನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ನಮ್ಮ ಕೈಲಾಗುವುದು ಮೂರು: ಅದಕ್ಕೆ ಬೇಕಾದ ಸಾಮಗ್ರಿ ಒದಗಿಸುವುದು, ಅದರ ಕೆಲಸಕ್ಕೆ ಅಡ್ಡಿ ಮಾಡದಿರುವುದು, ವೈರಸ್ ಒಳಬರುವ ದಾರಿಯನ್ನು ಕಿರಿದು ಮಾಡುವುದು.

ಮೊದಲು ನಿದ್ದೆ

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 153 ಆರೋಗ್ಯವಂತರ ನಿದ್ದೆಯ ಲೆಕ್ಕವನ್ನು 14 ದಿನ ಬರೆದಿಟ್ಟುಕೊಂಡು, ಆಮೇಲೆ ಅವರ ಮೂಗಿಗೆ ನೆಗಡಿ ವೈರಸ್ಸಿನ ಹನಿ ಹಾಕಿ ಕಾದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 8 ಗಂಟೆ ಅಥವಾ ಹೆಚ್ಚು ಮಲಗಿದವರಿಗೆ ಹೋಲಿಸಿದರೆ 7 ಗಂಟೆಗಿಂತ ಕಡಿಮೆ ಮಲಗಿದವರಿಗೆ ನೆಗಡಿ ಹತ್ತುವ ಸಾಧ್ಯತೆ ಸುಮಾರು ಮೂರು ಪಟ್ಟು. ಯಾವ ಸೊಪ್ಪು, ಬೇರಿಗೂ ಇಷ್ಟು ನೇರವಾದ ಪುರಾವೆ ಸಿಗುವುದು ಕಷ್ಟ.

ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳುವುದು ಸುಲಭ: ಭಾನುವಾರವೂ ಅದೇ ಸಮಯಕ್ಕೆ ಏಳಿ, ರಾತ್ರಿ ನಿದ್ದೆ ತಾನಾಗಿ ಹತ್ತುತ್ತದೆ. ಕಾಫಿಯಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಹಾಗಾಗಿ ಮಧ್ಯಾಹ್ನ 3ರ ನಂತರ ಬೇಡ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರೂವರೆಗೆ ಶಾಲೆಯ ವ್ಯಾನ್ ಬರುವ ಮನೆಯಲ್ಲಿ ಇದರ ಲೆಕ್ಕ ಹಾಕಿದರೆ ರಾತ್ರಿ ಟಿವಿ ಎಷ್ಟಕ್ಕೆ ಆರಬೇಕೆಂಬುದು ಗೊತ್ತಾಗುತ್ತದೆ.

ತಟ್ಟೆಯಲ್ಲಿ ಕಾಳು ಹೆಚ್ಚಲಿ

ಪ್ರತಿಕಾಯಗಳು ಪ್ರೋಟೀನ್‌ನಿಂದಲೇ ಆದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಮಾಣ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ. 60 ಕಿಲೋ ತೂಗುವವರಿಗೆ 50 ಗ್ರಾಂ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಮತ್ತು ತಿಳಿಸಾರು, ರಾತ್ರಿ ಚಿತ್ರಾನ್ನ ಎಂದಾದರೆ ಹೊಟ್ಟೆ ತುಂಬುತ್ತದೆ, ಈ ಲೆಕ್ಕ ತುಂಬುವುದಿಲ್ಲ. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 7 ಗ್ರಾಂ, ಒಂದು ಮೊಟ್ಟೆಯಲ್ಲಿ 6, ಒಂದು ಲೋಟ ಹಾಲಿನಲ್ಲಿ 6ರಿಂದ 7, ಐವತ್ತು ಗ್ರಾಂ ಹುರುಳಿ ಅಥವಾ ಹೆಸರುಕಾಳಿನಲ್ಲಿ ಸುಮಾರು 11 ಗ್ರಾಂ ಪ್ರೋಟೀನ್ ಇರುತ್ತದೆ. ಮುದ್ದೆಯ ಜೊತೆ ಮೊಳಕೆ ಹುರುಳಿಯ ಸಾರು ಎಂಬ ಹಳೆಯ ಜೋಡಿ ಇದೇ ಕಾರಣಕ್ಕೆ ಒಳ್ಳೆಯದು. ಮೊಳಕೆ ಬಂದಾಗ ಕಾಳಿನಲ್ಲಿನ ಖನಿಜಗಳನ್ನು ಹಿಡಿದಿಡುವ ಫೈಟೇಟ್ ಎಂಬ ಅಂಶ ಕಡಿಮೆಯಾಗಿ, ಕಬ್ಬಿಣ ಮತ್ತು ಸತು ದೇಹಕ್ಕೆ ಹೆಚ್ಚು ದಕ್ಕುತ್ತವೆ. ಇವೆರಡೂ ಬಿಳಿ ರಕ್ತಕಣಗಳ ಕೆಲಸಕ್ಕೆ ಬೇಕೇ ಬೇಕು.

ಮಳೆಗಾಲದಲ್ಲಿ ಮೊಳಕೆ ಕಟ್ಟುವಾಗ ಎಡವುವವರೇ ಹೆಚ್ಚು. ಒಂದು ಲೋಟ ಹುರುಳಿಯನ್ನು ಕಲ್ಲು ಆರಿಸಿ, ಮೂರ್ನಾಲ್ಕು ಸಲ ತೊಳೆದು, ಮೂರು ಲೋಟ ನೀರಿನಲ್ಲಿ 10ರಿಂದ 12 ಗಂಟೆ ನೆನೆಸಿ. ತೇಲುವ ಕಾಳು ಜಳ್ಳು, ತೆಗೆದುಹಾಕಿ. ನೀರನ್ನು ಪೂರ್ತಿ ಬಸಿಯುವುದು ಇಲ್ಲಿನ ಮುಖ್ಯ ಹಂತ: ಜರಡಿಯಲ್ಲಿ ಹತ್ತು ನಿಮಿಷ ಬಿಟ್ಟು, ಆಮೇಲೆ ಹಿಂಡಿದ ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಗಾಳಿಯಾಡುವ ಕಡೆ ತೂಗುಹಾಕಿ. ಬೆಳಿಗ್ಗೆ, ಸಂಜೆ ಒಮ್ಮೆ ಬಿಚ್ಚಿ ತೊಳೆದು, ಬಸಿದು, ಮತ್ತೆ ಕಟ್ಟಿ. ಬೇಸಿಗೆಯಲ್ಲಿ ಒಂದು ದಿನಕ್ಕೆ ಬರುವ ಅರ್ಧ ಇಂಚು ಮೊಳಕೆ ಮಳೆಗಾಲದಲ್ಲಿ ಎರಡು ದಿನ ತೆಗೆದುಕೊಳ್ಳಬಹುದು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿದರೆ ಗಾಳಿ ಸಿಗದೆ ಕಾಳು ಲೋಳೆಯಾಗಿ ಹುಳಿ ವಾಸನೆ ಬರುತ್ತದೆ. ಅಂಥದ್ದನ್ನು ತೊಳೆದು ಉಳಿಸಿಕೊಳ್ಳಲು ಹೋಗಬೇಡಿ, ಎಸೆಯಿರಿ. ಮೊಳಕೆಗೆ ಬೇಕಾದ ತೇವ ಮತ್ತು ಬೆಚ್ಚಗಿನ ವಾತಾವರಣ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಕ್ಕೂ ಹೇಳಿಮಾಡಿಸಿದ್ದು. ಆದ್ದರಿಂದ ಈ ಕಾಲದಲ್ಲಿ ಹಸಿ ಮೊಳಕೆಯ ಕೋಸಂಬರಿ ಬೇಡ. ಕುಕ್ಕರಿನಲ್ಲಿ ಬೇಯಿಸಿ, ಕಟ್ಟನ್ನು ಚೆಲ್ಲದೆ ಸಾರಿಗೆ ಬಳಸಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ನಿಂಬೆಯ ಸಿ ಜೀವಸತ್ವ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಟೀ ಅದಕ್ಕೆ ಅಡ್ಡಗಾಲು. ಒಂದು ಗಂಟೆ ಅಂತರವಿರಲಿ.

ಸಿ ಜೀವಸತ್ವಕ್ಕೆ ಮಾತ್ರೆ ಬೇಕಿಲ್ಲ. ದೊಡ್ಡವರಿಗೆ ದಿನಕ್ಕೆ 65ರಿಂದ 80 ಮಿಲಿಗ್ರಾಂ ಸಾಕು. ಬೆಟ್ಟದ ನೆಲ್ಲಿಕಾಯಿಯ 100 ಗ್ರಾಂ ತಿರುಳಿನಲ್ಲಿ 250 ಮಿಲಿಗ್ರಾಂ ಮೀರಿ ಇರುತ್ತದೆ, ಸೀಬೆಯಲ್ಲಿ 200ರ ಆಸುಪಾಸು. ಅಂದರೆ ಒಂದು ದಪ್ಪ ನೆಲ್ಲಿಕಾಯಿ ಅಥವಾ ಅರ್ಧ ಸೀಬೆಹಣ್ಣಿಗೆ ದಿನದ ಲೆಕ್ಕ ಮುಗಿಯಿತು. ಕೊಯ್ದು ಉಪ್ಪು ಹಚ್ಚಿ ಹಾಗೇ ತಿನ್ನುವುದು ಉತ್ತಮ. ರಸ ತೆಗೆದು ತಾಮ್ರದ ಲೋಟದಲ್ಲಿಟ್ಟರೆ ಜೀವಸತ್ವ ಬೇಗ ಹಾಳಾಗುತ್ತದೆ. ದಿನವೂ ಸಿ ಮಾತ್ರೆ ನುಂಗುವವರಿಗೆ ನೆಗಡಿ ಬರುವುದು ಕಡಿಮೆಯಾಗುವುದಿಲ್ಲ, ಬಂದ ನೆಗಡಿ ದೊಡ್ಡವರಲ್ಲಿ ಶೇ 8ರಷ್ಟು ಬೇಗ ವಾಸಿಯಾಗುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯ ತೀರ್ಮಾನ. ನೆಗಡಿ ಶುರುವಾದ ಮೇಲೆ ನುಂಗಲಾರಂಭಿಸಿದರೆ ಖಚಿತ ಪ್ರಯೋಜನ ಕಂಡಿಲ್ಲ.

ಬಿಸಿಲು, ನಡಿಗೆ, ಕಿಟಕಿ

ಡಿ ಜೀವಸತ್ವ ಕೊಡುವ ಬಿಸಿಲು ಎಳೆಬಿಸಿಲಲ್ಲ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನದು, ಅಂದರೆ ಹೆಚ್ಚುಕಡಿಮೆ 11ರಿಂದ 2. ಗಾಜಿನ ಕಿಟಕಿಯ ಹಿಂದೆ ಕೂತರೆ ಶಾಖ ಬರುತ್ತದೆ, ಬೇಕಾದ ಕಿರಣ ಬರುವುದಿಲ್ಲ. ಮಲೆನಾಡು, ಕರಾವಳಿಯಲ್ಲಿ ಜುಲೈ ಪೂರ್ತಿ ಸೂರ್ಯ ಕಾಣದಿದ್ದರೆ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಮಾತ್ರ ಮಾತ್ರೆ. 60,000 ಯೂನಿಟ್ಟಿನ ಪುಡಿಯನ್ನು ಸಾಮಾನ್ಯವಾಗಿ ಬರೆದುಕೊಡುವುದು ವಾರಕ್ಕೊಂದರಂತೆ. ದಿನಕ್ಕೊಂದರಂತೆ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮೂತ್ರಪಿಂಡದ ತೊಂದರೆವರೆಗೂ ಹೋಗಬಹುದು. ನಡಿಗೆ ವಾರಕ್ಕೆ 150 ನಿಮಿಷ; ಮಳೆಯಿದ್ದರೆ ಮೆಟ್ಟಿಲಾದರೂ ಹತ್ತಿಳಿಯಿರಿ.

ಮಳೆಯಲ್ಲಿ ನೆನೆದರೆ ನೆಗಡಿ ಎನ್ನುತ್ತೇವೆ, ಆದರೆ ಮಳೆನೀರಿನಿಂದ ಆ ವೈರಸ್ ಬರುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಪಕ್ಕದವರು ಉಸಿರಾಡಿದ ಗಾಳಿಯಿಂದ, ಅವರು ಮುಟ್ಟಿದ್ದನ್ನು ಮುಟ್ಟಿ ಮೂಗು ಉಜ್ಜಿದ್ದರಿಂದ ಬರುತ್ತದೆ. ಎದುರುಬದುರಾದ ಎರಡು ಕಿಟಕಿಗಳನ್ನು ನಾಲ್ಕು ಬೆರಳಷ್ಟಾದರೂ ತೆರೆದಿಡಿ, ಸಂಜೆ ಸೊಳ್ಳೆ ಬರುವ ಹೊತ್ತಿಗೆ ಜಾಲರಿ ಇರಲಿ. ಹೊರಗಿನಿಂದ ಬಂದವರು ಸೋಪಿನಲ್ಲಿ 20 ಸೆಕೆಂಡು ಕೈ ತೊಳೆಯಲಿ. ವಾಂತಿಭೇದಿ ತರುವ ನೊರೊವೈರಸ್ ಸ್ಯಾನಿಟೈಜರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. 60 ದಾಟಿದವರು, ಗರ್ಭಿಣಿಯರು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆ ಇರುವವರು ಮಳೆಗಾಲಕ್ಕೆ ಮೊದಲೇ ಫ್ಲೂ ಲಸಿಕೆಯ ಬಗ್ಗೆ ವೈದ್ಯರಲ್ಲಿ ಕೇಳಿ. ಲಸಿಕೆಯೆಂದರೆ ನಮ್ಮದೇ ರೋಗನಿರೋಧಕ ವ್ಯವಸ್ಥೆಗೆ ವೈರಸ್ಸಿನ ಗುರುತು ಹಿಡಿಸುವ ಕ್ರಮ. ‘ನೈಸರ್ಗಿಕ’ದ ಪಟ್ಟಿಯಿಂದ ಅದನ್ನು ಹೊರಗಿಡುವುದಕ್ಕೆ ಅರ್ಥವಿಲ್ಲ.

ಈಗ ಕಷಾಯ

ಕೊತ್ತಂಬರಿ ಬೀಜ 4 ದೊಡ್ಡ ಚಮಚ, ಜೀರಿಗೆ 2 ದೊಡ್ಡ ಚಮಚ, ಕಾಳುಮೆಣಸು 2 ಚಿಕ್ಕ ಚಮಚ, ಒಣಶುಂಠಿ ಪುಡಿ 2 ಚಿಕ್ಕ ಚಮಚ, ಮೆಂತ್ಯ ಅರ್ಧ ಚಿಕ್ಕ ಚಮಚ. ಶುಂಠಿ ಬಿಟ್ಟು ಉಳಿದದ್ದನ್ನು ಸಣ್ಣ ಉರಿಯಲ್ಲಿ ಬೇರೆ ಬೇರೆಯಾಗಿ ಹುರಿಯಿರಿ. ಒಟ್ಟಿಗೆ ಹುರಿದರೆ ಕೊತ್ತಂಬರಿ ಘಮ ಬರುವಷ್ಟರಲ್ಲಿ ಮೆಂತ್ಯ ಕರಿದಾಗಿ ಇಡೀ ಪುಡಿ ಕಹಿಯಾಗುತ್ತದೆ. ಆರಿದ ಮೇಲೆ ಪುಡಿ ಮಾಡಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ. ಒಂದೂವರೆ ಲೋಟ ನೀರಿಗೆ ಒಂದು ಚಿಕ್ಕ ಚಮಚ ಪುಡಿ ಹಾಕಿ, ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಹಾಲು ಬೆರೆಸುವುದಿದ್ದು, ಹಾಕಿದ್ದು ಹಸಿ ಶುಂಠಿಯಾದರೆ ಅದು ಮೊದಲು ನೀರಿನಲ್ಲೇ ಚೆನ್ನಾಗಿ ಕುದಿಯಬೇಕು. ಅದರಲ್ಲಿನ ಕಿಣ್ವ ಹಾಲನ್ನು ಒಡೆಯುತ್ತದೆ, ಕುದಿದರೆ ಅದರ ಶಕ್ತಿ ಹೋಗುತ್ತದೆ. ಬೆಲ್ಲವನ್ನೂ ಕುದಿಯುವ ಹಾಲಿಗೆ ಹಾಕದೆ, ಒಲೆಯಿಂದ ಇಳಿಸಿದ ಮೇಲೆ ಬೆರೆಸಿ. ದಿನಕ್ಕೆ ಒಂದೆರಡು ಲೋಟ ಸಾಕು. ಬಿಸಿ ದ್ರವ ಗಂಟಲಿಗೆ ಹಿತ, ಕಟ್ಟಿದ ಮೂಗು ಸಡಿಲವಾಗುತ್ತದೆ, ಮೈಗೆ ನೀರು ಸೇರುತ್ತದೆ. ಇಷ್ಟು ಮಾಡಿದರೆ ಅದು ಒಳ್ಳೆಯ ಕಷಾಯ. ಖಾಲಿ ಹೊಟ್ಟೆಗೆ ಮೆಣಸು ಹೆಚ್ಚಿಸಿ ಕುಡಿದರೆ ಎದೆಯುರಿ ಬರುವುದು ಸಹಜ.

ಅರಿಸಿನದ ಹಾಲಿನ ಬಗ್ಗೆಯೂ ಒಂದು ಲೆಕ್ಕ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ 1998ರ ಪ್ರಸಿದ್ಧ ಅಧ್ಯಯನವೊಂದು, ಅರಿಸಿನದ ಮುಖ್ಯ ಅಂಶವಾದ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನಲ್ಲಿರುವ ಪೈಪರಿನ್ ಕೊಟ್ಟರೆ ಮನುಷ್ಯರ ರಕ್ತಕ್ಕೆ ಸೇರುವ ಪ್ರಮಾಣ ಶೇ 2,000ದಷ್ಟು ಹೆಚ್ಚುತ್ತದೆಂದು ತೋರಿಸಿತು. ಅದನ್ನೇ ಹಿಡಿದು ಹಾಲಿಗೆ ಮೆಣಸು ಹಾಕುವುದು ಎಲ್ಲೆಡೆ ಹಬ್ಬಿತು. ಆದರೆ ಅಲ್ಲಿ ಕೊಟ್ಟದ್ದು 2 ಗ್ರಾಂ ಶುದ್ಧ ಕರ್ಕ್ಯುಮಿನ್. ಅರಿಸಿನ ಪುಡಿಯಲ್ಲಿ ಅದು ಇರುವುದು ಶೇ 3ರ ಆಸುಪಾಸು, ಅಂದರೆ 2 ಗ್ರಾಂಗೆ ಸುಮಾರು 65 ಗ್ರಾಂ ಪುಡಿ ಬೇಕು. ಅರ್ಧ ಚಮಚ ಅರಿಸಿನದ ಹಾಲು ಬೆಚ್ಚಗೆ ಮಲಗಲು ಚೆನ್ನ, ಔಷಧವೆಂದು ನಂಬಿ ಕೂರುವಂಥದ್ದಲ್ಲ.

ಅಮೃತಬಳ್ಳಿಯ ವಿಷಯದಲ್ಲಿ ಎಚ್ಚರ ಬೇಕು. ಕೋವಿಡ್ ಕಾಲದಲ್ಲಿ ಇದನ್ನು ತಿಂಗಳುಗಟ್ಟಲೆ ಕುಡಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಕಾಮಾಲೆ ಬಂದವರು, ಕೆಲವು ಬಗೆಯ ಥೈರಾಯ್ಡ್ ತೊಂದರೆ, ಸಂಧಿವಾತದಂಥ ಸ್ವರಕ್ಷಿತ ರೋಗ (ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಇರುವವರು ಇದನ್ನು ತಾವಾಗಿ ಕುಡಿಯದಿರುವುದು ಕ್ಷೇಮ. ಅತಿಮಧುರ ದಿನವೂ ಜಗಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ಹಿಡಿದೇಬಿಟ್ಟರೆ

ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಿಕ್ಕ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಬಾಯಿ ಮುಕ್ಕಳಿಸಿ. ಒಂದು ವರ್ಷ ದಾಟಿದ ಮಕ್ಕಳಿಗೆ ಮಲಗುವಾಗ ಅರ್ಧದಿಂದ ಒಂದು ಚಮಚ ಜೇನುತುಪ್ಪ ಕೆಮ್ಮನ್ನು ತಗ್ಗಿಸುತ್ತದೆ. ವರ್ಷದೊಳಗಿನ ಕೂಸಿಗೆ ನೆಕ್ಕಿಸಲೇಬೇಡಿ, ಬಾಟ್ಯುಲಿಸಂ ಎಂಬ ಬ್ಯಾಕ್ಟೀರಿಯಾದ ನಂಜಿನ ಅಪಾಯವಿದೆ. ಹಬೆ ತೆಗೆದುಕೊಳ್ಳುವುದರಿಂದ ವೈರಸ್ ಸಾಯುವುದಿಲ್ಲ, ಕುದಿನೀರಿನ ಪಾತ್ರೆ ಮಗುಚಿ ತೊಡೆ ಸುಟ್ಟುಕೊಳ್ಳುವ ಮಕ್ಕಳಿದ್ದಾರೆ. ಮಕ್ಕಳಿಗೆ ಹಬೆಯೇ ಬೇಡ. ಭೇದಿಯಿದ್ದರೆ ಅಂಗಡಿಯ ಓಆರ್‌ಎಸ್ ಮೇಲು. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ 6 ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು.

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಅಂದೇ ಆಸ್ಪತ್ರೆ. ದೊಡ್ಡವರಲ್ಲಿ ಮೂರು ದಿನ ಕಳೆದರೂ ಇಳಿಯದ ಜ್ವರ, ಏದುಸಿರು, ಗೊಂದಲದ ಮಾತು ಕಂಡರೆ ಮನೆಮದ್ದು ನಿಲ್ಲಿಸಿ ಹೊರಡಿ. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ: ತಡೆಯಲಾರದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತೀರಾ ಸುಸ್ತು. ಆಗ ಪಪ್ಪಾಯಿ ಎಲೆಯ ರಸ ಹಿಂಡುತ್ತ ಕೂತು ಗಂಟೆಗಳನ್ನು ಕಳೆದುಕೊಳ್ಳಬೇಡಿ. ಜ್ವರದ ಕಾರಣ ಗೊತ್ತಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಬಹುದು. ಪ್ಯಾರಾಸಿಟಮಾಲ್ ಮಾತ್ರ, ಎರಡು ಮಾತ್ರೆಗಳ ನಡುವೆ 6 ಗಂಟೆ ಬಿಟ್ಟು. ನೆಗಡಿಗೆಂದು ಅಂಗಡಿಯಲ್ಲಿ ಕೊಡುವ ಮಾತ್ರೆಯಲ್ಲೂ ಬಹಳ ಸಲ ಅದೇ ಇರುತ್ತದೆ, ಎರಡನ್ನೂ ಒಟ್ಟಿಗೆ ನುಂಗುವ ಮೊದಲು ಪಟ್ಟಿಯ ಹಿಂದಿನ ಸಣ್ಣಕ್ಷರ ಓದಿ.